ಬೀಟಲ್‌ನ ಟೈಮಿಂಗ್ ಗುರುತು ಒಂದೆಡೆ ನಿಲ್ಲುತ್ತಿಲ್ಲ, ದೇವರಾಯನದುರ್ಗದ ಏರಿನಲ್ಲಿ ನಾಕಿಂಗ್

ಕ್ಯಾತ್ಸಂದ್ರದ ಬೀಟಲ್

ಎಲ್ಲರಿಗೂ ನಮಸ್ಕಾರ. ನನ್ನದು 1968ರ ಫೋಕ್ಸ್‌ವ್ಯಾಗನ್ ಬೀಟಲ್. 1500 ಎಂಜಿನ್, 12 ವೋಲ್ಟ್. ಮಾವನವರ ಕಾಲದ ಗಾಡಿ, ಈಗ ನನ್ನ ಪಾಲಿಗೆ ಬಂದಿದೆ. ತುಮಕೂರಿನೊಳಗೆ ಬಿ.ಎಚ್. ರಸ್ತೆಯಲ್ಲಿ ತಕರಾರಿಲ್ಲದೆ ಓಡುತ್ತದೆ. ದೇವರಾಯನದುರ್ಗದ ಏರು ಸಿಕ್ಕಿ, ಮೂರನೇ ಗೇರಿನಲ್ಲಿ ಆಕ್ಸಿಲರೇಟರ್ ಒತ್ತಿದೆನೆಂದರೆ ಹಿಂದಿನಿಂದ ಡಬ್ಬಿಯಲ್ಲಿ ಕಾಳು ಅಲ್ಲಾಡಿಸಿದಂಥ ಸದ್ದು, ಅದೇ ನಾಕಿಂಗ್, ಬರುತ್ತದೆ. ಎರಡನೇ ಗೇರಿಗೆ ಇಳಿಸಿದರೆ ಕಡಿಮೆಯಾಗುತ್ತದೆ.

ಪಾಯಿಂಟ್ (ಕಿಡಿಗಾಗಿ ತೆರೆದು ಮುಚ್ಚುವ ಸ್ವಿಚ್) ಮತ್ತು ಕಂಡೆನ್ಸರ್ ಈಚೆಗೆ ಬದಲಾಯಿಸಿದ್ದೇನೆ. ನಮ್ಮ ಮೆಕ್ಯಾನಿಕ್ ಟೈಮಿಂಗನ್ನು, ಅಂದರೆ ಪ್ಲಗ್‌ನಲ್ಲಿ ಕಿಡಿ ಹಾರುವ ಹೊತ್ತನ್ನು, ಕಿವಿಯಿಂದಲೇ ಇಟ್ಟುಕೊಟ್ಟರು. ನನಗೆ ಸಮಾಧಾನವಾಗದೆ, ಕಿಡಿ ಹಾರಿದಾಗಲೆಲ್ಲ ಮಿನುಗುವ ಟೈಮಿಂಗ್ ಲೈಟ್ ಕೊಂಡು ತಂದೆ. ಕ್ರ್ಯಾಂಕಿನ ಪುಲ್ಲಿಯ ಮೇಲೆ 7.5 ಡಿಗ್ರಿ ಎಂದು ಕೊರೆದಿರುವ ಗುರುತು, ಕ್ರ್ಯಾಂಕ್‌ಕೇಸಿನ ಎರಡು ಹೋಳು ಕೂಡುವ ಗೆರೆಯ ಹತ್ತಿರವೇ ಕಾಣುತ್ತದೆ, ಆದರೆ ಒಂದೆಡೆ ನಿಲ್ಲುವುದಿಲ್ಲ, ಆಚೀಚೆ ನಾಲ್ಕೈದು ಮಿಲಿಮೀಟರ್ ಕುಣಿಯುತ್ತದೆ. ಪ್ಲಗ್‌ಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್ 009 ಮಾದರಿಯದು, ಎಂಜಿನ್ನಿನ ಎಳೆತದಿಂದ ಟೈಮಿಂಗ್ ಸರಿಸುವ ವ್ಯಾಕ್ಯೂಮ್ ಇಲ್ಲ. ಪುಲ್ಲಿಯೂ ಕಾರ್ಖಾನೆಯದಲ್ಲ, ಯಾರೋ ನಂತರ ಹಾಕಿಸಿದ್ದು. ಪಾಯಿಂಟ್ ತೆಗೆದು ಎಲೆಕ್ಟ್ರಾನಿಕ್ ಮಾಡ್ಯೂಲ್ ಹಾಕಿಬಿಡಿ, ಎಲ್ಲ ಸರಿಹೋಗುತ್ತದೆ ಎನ್ನುತ್ತಾರೆ. ಹಾಕಲೇ?

ನಂದಿ ತಪ್ಪಲು

ಚಿಕ್ಕಬಳ್ಳಾಪುರದಿಂದ. ಮಾಡ್ಯೂಲ್ ಒಳ್ಳೆಯದೇ, ನಾನು ಹಾಕಿಸಿದ್ದೇನೆ, ಪಾಯಿಂಟ್ ಉಜ್ಜುವ ಕೆಲಸ ತಪ್ಪಿದೆ. ಆದರೆ ಒಂದು ಎಚ್ಚರ: ಎಂಜಿನ್ ಓಡದಿರುವಾಗ ಇಗ್ನಿಷನ್ ಆನ್ ಮಾಡಿ ಬಿಟ್ಟರೆ ಹಲವು ಮಾಡ್ಯೂಲ್‌ಗಳು ಸುಟ್ಟುಹೋಗುತ್ತವೆ. ನಾಕಿಂಗ್ ಬರಲು ಮಿಶ್ರಣದಲ್ಲಿ ಪೆಟ್ರೋಲ್ ಕಡಿಮೆಯಾಗಿರುವುದೂ ಕಾರಣವಾಗಬಹುದು. ಈಗಿನ ಶೇ 20 ಎಥನಾಲ್ ಪೆಟ್ರೋಲಿಗೆ ಹಳೆಯ ಜೆಟ್ (ಕಾರ್ಬ್ಯುರೇಟರಿನಲ್ಲಿ ಪೆಟ್ರೋಲ್ ಹಾಯುವ ರಂಧ್ರ) ಸಾಲದಿರಬಹುದು. ಕಾರ್ಬ್ಯುರೇಟರ್ ಕೂಡ ನೋಡಿಸಿ.

ಕೋಲಾರದ ಟೂಲ್‌ರೂಮ್

ಕಾರ್ಬ್ಯುರೇಟರನ್ನು ಈಗ ಮುಟ್ಟಬೇಡಿ. ಅದನ್ನೂ ಟೈಮಿಂಗನ್ನೂ ಒಟ್ಟಿಗೆ ತಿರುಗಿಸಿದರೆ ಯಾವುದರಿಂದ ಏನಾಯಿತೆಂದು ಬ್ರಹ್ಮನಿಗೂ ತಿಳಿಯುವುದಿಲ್ಲ. ಮಾಡ್ಯೂಲಿನ ಮಾತು ಕೊನೆಗೆ.

ನಾನು ಕೆಲಸ ಮಾಡಿದ್ದೆಲ್ಲ ಟೂಲ್‌ರೂಮಿನಲ್ಲಿ. ಅಲ್ಲಿ ಅಳತೆಗಿಂತ ಮೊದಲು ಅಳತೆಗೋಲನ್ನೇ ಅನುಮಾನಿಸುತ್ತಿದ್ದೆವು. ನಿಮ್ಮ ಅಳತೆಗೋಲು ಆ ಪುಲ್ಲಿ. ಅದು ಕಾರ್ಖಾನೆಯದಲ್ಲ ಎಂದು ನೀವೇ ಬರೆದಿದ್ದೀರಿ. ಹಾಗಿದ್ದ ಮೇಲೆ ಅದರ ಮೇಲಿನ 7.5ನ್ನು ನಂಬಿ ಲೈಟ್ ಹಿಡಿದರೆ, ಸುಳ್ಳನ್ನು ಬೆಳಕಿನಲ್ಲಿ ನೋಡಿದಂತಾಯಿತು.

ಮೊದಲು ನಿಜವಾದ ಟಿಡಿಸಿ, ಅಂದರೆ ಪಿಸ್ಟನ್ ತೀರಾ ಮೇಲೆ ತಲುಪುವ ಬಿಂದು, ಹುಡುಕಿ. ಬ್ಯಾಟರಿ ತಂತಿ ಬಿಚ್ಚಿಡಿ. ಹಳೆಯ ಸ್ಪಾರ್ಕ್ ಪ್ಲಗ್ ಒಂದರ ಪಿಂಗಾಣಿ ಒಡೆದು ತೆಗೆದು, ಅದರೊಳಗೆ ತುದಿ ದುಂಡಗೆ ಮಾಡಿದ ಬೋಲ್ಟ್ ಕೂರಿಸಿಕೊಳ್ಳಿ. ಅಂತರಸನಹಳ್ಳಿ ಕೈಗಾರಿಕಾ ಪ್ರದೇಶದಲ್ಲಿ ಯಾವ ಲೇತ್‌ನವರಾದರೂ ಚಹಾ ಕುಡಿಯುವಷ್ಟರಲ್ಲಿ ಮಾಡಿಕೊಡುತ್ತಾರೆ. ನಾಲ್ಕೂ ಪ್ಲಗ್ ತೆಗೆಯಿರಿ, ಒಂದನೇ ಸಿಲಿಂಡರಿನ ರಾಕರ್‌ಗಳನ್ನು ಸಡಿಲಿಸಿ, ಈ ತಡೆಯನ್ನು ಅಲ್ಲಿಗೆ ಹಾಕಿ. ಒಂದನೆಯದು ಬಲಬದಿಯಲ್ಲಿ, ಕಾರಿನ ಮೂತಿಯ ಕಡೆಗಿರುವುದು. ಪುಲ್ಲಿಯ ಬೋಲ್ಟಿಗೆ 30ರ ಸ್ಪಾನರ್ ಹಾಕಿ ಮೆಲ್ಲಗೆ ತಿರುಗಿಸಿ. ಪಿಸ್ಟನ್ ಬಂದು ತಡೆಗೆ ಮುಟ್ಟಿದಾಗ ಕ್ರ್ಯಾಂಕ್‌ಕೇಸಿನ ಆ ಗೆರೆಯ ನೇರಕ್ಕೆ ಪುಲ್ಲಿಯ ಮೇಲೆ ಗೀರು ಹಾಕಿ. ಹಿಮ್ಮುಖವಾಗಿ ತಿರುಗಿಸಿ, ಮತ್ತೆ ಮುಟ್ಟುವಲ್ಲಿ ಇನ್ನೊಂದು ಗೀರು. ಎರಡರ ನಟ್ಟನಡುವೆ ಟಿಡಿಸಿ. ಬಲ ಪ್ರಯೋಗ ಬೇಡ, ಪಿಸ್ಟನ್ ಅಲ್ಯೂಮಿನಿಯಂದು. ಸ್ಕ್ರೂಡ್ರೈವರ್ ಇಳಿಬಿಟ್ಟು ಟಿಡಿಸಿ ಹುಡುಕುವವರೂ ಇದ್ದಾರೆ. ಮೇಲ್ತುದಿಯಲ್ಲಿ ಪಿಸ್ಟನ್ ಹಲವು ಡಿಗ್ರಿಗಳವರೆಗೆ ಕದಲಿದಂತೆಯೇ ಕಾಣುವುದಿಲ್ಲ. ಅದು ಅಂದಾಜು, ಅಳತೆಯಲ್ಲ.

ಆಮೇಲೆ ದರ್ಜಿಯ ಟೇಪಿನಿಂದ ಪುಲ್ಲಿಯ ಸುತ್ತಳತೆ ತೆಗೆಯಿರಿ. 360ರಿಂದ ಭಾಗಿಸಿದರೆ ಒಂದು ಡಿಗ್ರಿ ಎಷ್ಟೆಂದು ಸಿಗುತ್ತದೆ. 540 ಮಿಲಿಮೀಟರ್ ಬಂತು ಎಂದಿಟ್ಟುಕೊಳ್ಳಿ, ಡಿಗ್ರಿಗೆ 1.5 ಮಿಲಿಮೀಟರ್. 7.5ರ ಗುರುತು ಟಿಡಿಸಿಯಿಂದ ಬಲಕ್ಕೆ 11.25, 30ರ ಗುರುತು ಬಲಕ್ಕೆ 45. ಹಿಂದಿನಿಂದ ನೋಡಿದಾಗ ಪುಲ್ಲಿ ಗಡಿಯಾರದ ದಿಕ್ಕಿಗೆ ತಿರುಗುವುದರಿಂದ ಬಲಗಡೆಯದೇ ಮೊದಲು ಮೇಲೆ ಬರುತ್ತದೆ. ಎರಡಕ್ಕೂ ಬೇರೆ ಬೇರೆ ಬಣ್ಣ ಹಚ್ಚಿ. ಲೈಟ್ ಹಿಡಿಯುವಾಗ ಕಾರಿನ ನೇರ ಹಿಂದೆ ಕುಳಿತು ನೋಡಿ. ಪಕ್ಕದಿಂದ ಬಗ್ಗಿ ನೋಡಿದರೆ ಅಲ್ಲೇ ಒಂದೆರಡು ಡಿಗ್ರಿ ಹೋಯಿತು.

ಇನ್ನು ಕುಣಿತ. ಡಿಸ್ಟ್ರಿಬ್ಯೂಟರಿನ ಕ್ಯಾಪ್ ತೆಗೆದು, ಒಳಗೆ ತಿರುಗುವ ರೋಟರ್ ಹಿಡಿದು, ತಿರುಗಿಸದೆ, ಅಡ್ಡಲಾಗಿ ಅಲ್ಲಾಡಿಸಿ. ಪಾಯಿಂಟ್ ಪೂರ್ತಿ ತೆರೆದಿರುವಾಗ ಫೀಲರ್ ಗೇಜಿನ 0.4 ಮಿಲಿಮೀಟರ್ ಎಲೆ ಹಾಕಿ ನೋಡಿ. ಶಾಫ್ಟನ್ನು ಒತ್ತಿದರೆ ಎಲೆ ಬಿಗಿಯಾಗಿ, ಬಿಟ್ಟರೆ ಸಡಿಲವಾಗುತ್ತದೆಯೇ? ಹಾಗಾದರೆ ಶಾಫ್ಟ್ ಕೂತು ತಿರುಗುವ ಬುಷ್ ಸವೆದಿದೆ. ಗ್ಯಾಪ್ ಬದಲಾದರೆ ಡ್ವೆಲ್ (ಪಾಯಿಂಟ್ ಮುಚ್ಚಿರುವಷ್ಟು ಡಿಗ್ರಿ) ಬದಲಾಗುತ್ತದೆ, ಡ್ವೆಲ್ ಒಂದು ಡಿಗ್ರಿ ಬದಲಾದರೆ ಟೈಮಿಂಗ್ ಕೂಡ ಕ್ರ್ಯಾಂಕಿನಲ್ಲಿ ಸುಮಾರು ಒಂದು ಡಿಗ್ರಿ ಸರಿಯುತ್ತದೆ. ಪ್ರತಿ ಸುತ್ತಿನಲ್ಲೂ ಹೀಗೆ ಆಗುತ್ತಿದ್ದರೆ ಗುರುತು ಕುಣಿಯದೆ ಇನ್ನೇನು ಮಾಡೀತು? ಫಾಸ್ಫರ್ ಬ್ರಾಂಜ್ ಬುಷ್ ಕಡೆಸಿ, ಶಾಫ್ಟಿಗೆ ಸರಿಯಾಗಿ ರೀಮ್ ಮಾಡಿಸಿ. ಪಾಯಿಂಟ್ ಕೂರುವ ಪ್ಲೇಟಿನ ಸ್ಕ್ರೂಗಳನ್ನೂ, ಶಾಫ್ಟಿನ ಮೇಲು–ಕೆಳಗಿನ ಆಟವನ್ನೂ ಆಗಲೇ ನೋಡಿಬಿಡಿ. ಇಲ್ಲಿ ಸವೆತವಿಟ್ಟುಕೊಂಡು ಮಾಡ್ಯೂಲ್ ಹಾಕಿದರೆ ಕುಣಿತ ಕಡಿಮೆಯಾಗಬಹುದು, ಹೋಗುವುದಿಲ್ಲ.

ಬುಷ್ ಆದ ಮೇಲೆ ಗ್ಯಾಪ್ 0.4 ಇಡಿ. ಗ್ಯಾಪ್ ಮೊದಲು, ಟೈಮಿಂಗ್ ಆಮೇಲೆ. ಈ ಕ್ರಮ ತಿರುವುಮುರುವಾದರೆ ಎರಡೂ ಕೆಡುತ್ತವೆ. 12 ವೋಲ್ಟಿನ ಬಲ್ಬನ್ನು ಕಾಯಿಲಿನ 1ನೇ ಟರ್ಮಿನಲ್ ಮತ್ತು ಬಾಡಿಯ ನಡುವೆ ಹಾಕಿ, ಇಗ್ನಿಷನ್ ಆನ್ ಮಾಡಿ, ಪುಲ್ಲಿಯನ್ನು ಗಡಿಯಾರದ ದಿಕ್ಕಿಗೇ ತಿರುಗಿಸುತ್ತಾ 7.5ಕ್ಕೆ ತನ್ನಿ. ದಾಟಿ ಹೋದರೆ ಸ್ವಲ್ಪ ಹಿಂದಕ್ಕೆ ಹೋಗಿ ಮತ್ತೆ ಮುಂದಕ್ಕೇ ಬರಬೇಕು, ಗೇರಿನ ಸಡಿಲವೆಲ್ಲ ಒಂದೇ ಕಡೆಗೆ ಸೇರಲಿ. ರೋಟರ್ ಡಿಸ್ಟ್ರಿಬ್ಯೂಟರ್ ಅಂಚಿನ ಕಚ್ಚನ್ನು ನೋಡುತ್ತಿರಬೇಕು. ಬಲ್ಬ್ ಹೊತ್ತಿಕೊಳ್ಳುವ ಕ್ಷಣವೇ ಪಾಯಿಂಟ್ ತೆರೆದ ಕ್ಷಣ.

ಇದು ಎಂಜಿನ್ ಸ್ಟಾರ್ಟ್ ಮಾಡುವುದಕ್ಕಷ್ಟೇ. 009ರಲ್ಲಿ ಮುಖ್ಯವಾದದ್ದು ಪೂರ್ತಿ ಅಡ್ವಾನ್ಸ್, ಅಂದರೆ ವೇಗ ಏರಿದಾಗ ಕಿಡಿ ಟಿಡಿಸಿಗಿಂತ ಎಷ್ಟು ಡಿಗ್ರಿ ಮೊದಲು ಹಾರುತ್ತದೆ ಎಂಬುದು. ಎಂಜಿನ್ ಬಿಸಿಯಾದ ಮೇಲೆ 3000 ಆರ್‌ಪಿಎಂ ದಾಟಿಸಿ, ಗುರುತು ಮುಂದೆ ಹೋಗುವುದು ನಿಂತಲ್ಲಿ ನೋಡಿ. 28ರಿಂದ 32ರೊಳಗೆ ಇರಬೇಕು. ನಮ್ಮ ಏರು, ನಮ್ಮ ಬಿಸಿಲಿಗೆ ನಾನು 30ರ ಮೇಲೆ ಒಪ್ಪುವುದಿಲ್ಲ. ಹೆಚ್ಚಿದ್ದರೆ ಡಿಸ್ಟ್ರಿಬ್ಯೂಟರನ್ನು ಗಡಿಯಾರದ ದಿಕ್ಕಿಗೆ ಕೂದಲೆಳೆಯಷ್ಟು ತಿರುಗಿಸಿ. ಅದು ಕ್ರ್ಯಾಂಕಿನ ಅರ್ಧ ವೇಗದಲ್ಲಿ ತಿರುಗುವಂಥದ್ದು, ಇಲ್ಲಿಯ ಒಂದು ಡಿಗ್ರಿ ಅಲ್ಲಿ ಎರಡು. ಐಡ್ಲಿಂಗಿನಲ್ಲಿ ಎಷ್ಟು ಬರುತ್ತದೋ ಬರಲಿ.

ಕಿವಿಯಿಂದ ಇಡುವವರ ಬಗ್ಗೆ ಒಂದು ಮಾತು. ಭಾರವಿಲ್ಲದೆ ನಿಂತಿರುವ ಎಂಜಿನ್ ಅಡ್ವಾನ್ಸ್ ಹೆಚ್ಚಿದಷ್ಟೂ ಚುರುಕಾಗಿ ಕೇಳಿಸುತ್ತದೆ, ಹಾಗಾಗಿ ಕಿವಿ ಯಾವಾಗಲೂ ಅತ್ತಲೇ ಎಳೆಯುತ್ತದೆ. ಗಾಳಿಯಿಂದ ತಣಿಯುವ ಎಂಜಿನ್ನಿನಲ್ಲಿ ಫ್ಯಾನಿನ ಗದ್ದಲ ನಾಕಿಂಗನ್ನು ಮುಚ್ಚಿಹಾಕುತ್ತದೆ. ನಿಮಗೆ ಒಳಗೆ ಕುಳಿತೇ ಕೇಳಿಸಿತೆಂದರೆ ಅದು ಆಗಲೇ ಜೋರಾಗಿದೆ. ಸರಿಹೋಗುವವರೆಗೆ ದುರ್ಗ ಹತ್ತಬೇಡಿ.

ನಂದಿ ತಪ್ಪಲು

ಯಜಮಾನರೇ, 3ನೇ ಸಿಲಿಂಡರಿಗೆ ಟೈಮಿಂಗ್ ಬೇರೆ ಇರುತ್ತದೆ ಎಂದು ಕೇಳಿದ್ದೇನೆ. ಅದು ನಿಜವೇ? ಲೈಟನ್ನು ಅದರ ತಂತಿಗೆ ಹಾಕಿ ನೋಡಬಹುದೇ?

ಕೋಲಾರದ ಟೂಲ್‌ರೂಮ್

ಕಾರ್ಖಾನೆಯ ಕೆಲವು ಡಿಸ್ಟ್ರಿಬ್ಯೂಟರ್‌ಗಳಲ್ಲಿ ನಿಜ. 3ಕ್ಕೆ ಕಿಡಿ ಕೆಲವು ಡಿಗ್ರಿ ತಡವಾಗಿ ಬರುವಂತೆ ಕ್ಯಾಮನ್ನೇ ಹಾಗೆ ಕಡೆದಿರುತ್ತಿದ್ದರು. 1968ರ ಕಾಲದ ಎಂಜಿನ್ನಿನಲ್ಲಿ ಆಯಿಲ್ ಕೂಲರ್ ಫ್ಯಾನಿನ ತಗಡಿನ ಒಳಗೇ ಗಾಳಿಗೆ ಅಡ್ಡ ನಿಂತಿರುತ್ತದೆ, 3ಕ್ಕೆ ತಣ್ಣನೆಯ ಗಾಳಿ ಸಾಲದು. 1971ರ ಮಾದರಿಯಿಂದ ಕೂಲರನ್ನು ಪಕ್ಕಕ್ಕೆ ಸರಿಸಿದರು. ಆದ್ದರಿಂದ ಟೈಮಿಂಗ್ ಯಾವಾಗಲೂ 1ರ ತಂತಿಯಿಂದಲೇ. 3ರಿಂದ ಇಟ್ಟರೆ ಅಂಥ ಡಿಸ್ಟ್ರಿಬ್ಯೂಟರಿನಲ್ಲಿ ಉಳಿದ ಮೂರೂ ಅಡ್ವಾನ್ಸ್ ಆಗಿಬಿಡುತ್ತವೆ. ನಾಕಿಂಗ್ ಆದಾಗ ಮೊದಲು ಪೆಟ್ಟು ತಿನ್ನುವುದು ಸಾಮಾನ್ಯವಾಗಿ ಈ 3ನೆಯದೇ. ಪ್ಲಗ್ ತೆಗೆದಾಗ ಅದರ ಬಣ್ಣವನ್ನು ಉಳಿದವುಗಳ ಪಕ್ಕ ಇಟ್ಟು ನೋಡಿ.

ಕ್ಯಾತ್ಸಂದ್ರದ ಬೀಟಲ್

ಸರ್, ಹೇಳಿದಂತೆಯೇ ಮಾಡಿದೆ. ಸುತ್ತಳತೆ ನೀವು ಊಹಿಸಿದ 540ಕ್ಕೆ ತೀರಾ ಹತ್ತಿರ. ಆದರೆ ಪುಲ್ಲಿಯ ಮೇಲೆ ಟಿಡಿಸಿ ಎಂದು ಕೊರೆದಿದ್ದ ಗುರುತು ನಿಜವಾದ ಟಿಡಿಸಿಯಿಂದ 9 ಮಿಲಿಮೀಟರ್ ಬಲಕ್ಕಿತ್ತು! ಲೆಕ್ಕ ಹಾಕಿದರೆ 6 ಡಿಗ್ರಿ. ಅಂದರೆ 7.5 ಎಂದುಕೊಂಡದ್ದು 13.5 ಆಗಿತ್ತು, ಪೂರ್ತಿ ಅಡ್ವಾನ್ಸ್ 35 ದಾಟುತ್ತಿತ್ತು. ಬುಷ್ ಕೂಡ ಸವೆದಿತ್ತು, ಕಡೆಸಿ ಹಾಕಿದ್ದಾಯಿತು. ಈಗ ಗುರುತು ಗೆರೆಯ ಮೇಲೆ ನಿಲ್ಲುತ್ತದೆ, ಪೂರ್ತಿ ಅಡ್ವಾನ್ಸ್ 29. ಏರಿನಲ್ಲಿ ಸದ್ದಿಲ್ಲ. ಒಂದೇ ಕೊರತೆ: ಸಿಗ್ನಲ್‌ನಲ್ಲಿ ನಿಂತು ಹೊರಡುವಾಗ ಒಂದು ಕ್ಷಣ ಮುಗ್ಗರಿಸುತ್ತದೆ, ಮೊದಲು ಹೀಗಿರಲಿಲ್ಲ. ಮಾಡ್ಯೂಲ್ ಹಾಕಿದರೆ ಹೋಗುತ್ತದೆಯೇ?

ಕೋಲಾರದ ಟೂಲ್‌ರೂಮ್

ಹೋಗುವುದಿಲ್ಲ. ಅದು 009ರ ಹುಟ್ಟುಗುಣ. ವ್ಯಾಕ್ಯೂಮ್ ಇಲ್ಲದ್ದರಿಂದ ಥ್ರಾಟಲ್ ತೆರೆದ ಕೂಡಲೇ ಅಡ್ವಾನ್ಸ್ ಸಿಗುವುದಿಲ್ಲ, ವೇಗ ಏರುವವರೆಗೆ ಕಾಯಬೇಕು. ಇಷ್ಟು ದಿನ ಆ 6 ಡಿಗ್ರಿ ಹೆಚ್ಚುವರಿ ಅದನ್ನು ಮರೆಮಾಡಿತ್ತು. ಈಗ ನಂದಿಯವರು ಹೇಳಿದ ಕಾರ್ಬ್ಯುರೇಟರ್ ನೋಡುವ ಸಮಯ: ಆಕ್ಸಿಲರೇಟರ್ ಪಂಪು ಸರಿಯಾಗಿ ಪೆಟ್ರೋಲ್ ಚಿಮ್ಮುತ್ತದೆಯೇ ನೋಡಿ, ಸ್ವಲ್ಪ ಹೆಚ್ಚಿಸಿ. ಅದಕ್ಕೂ ಜಗ್ಗದಿದ್ದರೆ ವ್ಯಾಕ್ಯೂಮ್ ಇರುವ ಡಿಸ್ಟ್ರಿಬ್ಯೂಟರ್ ಹುಡುಕಿ, ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ವಿಚಾರಿಸಿ. ಸಿಕ್ಕರೆ ಮೊದಲು ಅದರ ನಳಿಕೆಗೆ ಬಾಯಿಟ್ಟು ಗಾಳಿ ಹೀರಿ, ಒಳಗಿನ ಡಯಾಫ್ರಮ್ ಎಳೆತ ಹಿಡಿದು ನಿಲ್ಲುತ್ತದೆಯೇ ನೋಡಿ, ಆಮೇಲೆ ದುಡ್ಡು ಕೊಡಿ.

ಮತ್ತೆ, ಹೊಸ ಪಾಯಿಂಟಿನ ಹಿಮ್ಮಡಿ ಕ್ಯಾಮಿನ ಮೇಲೆ ಉಜ್ಜುವಲ್ಲಿ ಬೆಂಕಿಕಡ್ಡಿಯ ತಲೆಯಷ್ಟು ಗ್ರೀಸ್ ಹಚ್ಚಿದ್ದೀರಾ? ಇಲ್ಲದಿದ್ದರೆ ಅದು ಬೇಗ ಸವೆದು ಗ್ಯಾಪ್ ಮುಚ್ಚಿಕೊಳ್ಳುತ್ತದೆ, ಟೈಮಿಂಗ್ ಹಿಂದೆ ಸರಿಯುತ್ತದೆ.