ಸಹಾಯ ಬೇಕು: ಕ್ರಿಸ್ತನನ್ನೇ ಆತುಕೊಂಡು ಬದುಕೋದು ಹೇಗೆ?

ಕರ್ತನ ನಾಮದಲ್ಲಿ ಎಲ್ಲರಿಗೂ ವಂದನೆಗಳು.

ನಾನು ವಿಜಯಪುರದ ಕಡೆಯವಳು. ಎಂಟು ವರ್ಷದಿಂದ ಸಂಡೇ ಸ್ಕೂಲ್ ಮಕ್ಕಳಿಗೆ ಪಾಠ ಹೇಳುತ್ತಿದ್ದೇನೆ. ಮೊದಲೆಲ್ಲ ಮೊಣಕಾಲೂರಿ ಪ್ರಾರ್ಥಿಸದೆ ಮಕ್ಕಳ ಮುಂದೆ ನಿಲ್ಲುತ್ತಿರಲಿಲ್ಲ. ಈಗ ಪಾಠ ಬಾಯಿಪಾಠವಾಗಿದೆ, ಸೀದಾ ಹೋಗಿ ಶುರು ಮಾಡುತ್ತೇನೆ. ಯಾರಾದರೂ "ಚೆನ್ನಾಗಿ ಹೇಳಿದ್ರಿ ಅಕ್ಕಾ" ಅಂದರೆ ಒಳಗೊಳಗೇ ಉಬ್ಬುತ್ತೇನೆ.

ಅಕ್ಟೋಬರಿನಲ್ಲಿ ಪಕ್ಕದ ದ್ರಾಕ್ಷಿ ತೋಟದಲ್ಲಿ ಚಾಟ್ನಿ (ಬಳ್ಳಿಯ ಕಡ್ಡಿ ಸವರುವ ಕೆಲಸ) ನಡೆದಿತ್ತು. ಕತ್ತರಿಸಿದ ಕಡ್ಡಿಗಳು ಸಾಲಿನ ನಡುವೆ ಬಿದ್ದಿದ್ದವು. ಬೆಳಿಗ್ಗೆ ಹಸಿರಾಗಿದ್ದ ಎಲೆ ಸಂಜೆಗೆ ಮುದುರಿ ಬಾಡಿತ್ತು. ಬಳ್ಳಿ ಬಿಟ್ಟ ಕೊಂಬೆ ಫಲ ಕೊಡಲಾರದು ಅಂತ ಯೋಹಾನ 15ನೇ ಅಧ್ಯಾಯವನ್ನು ಎಷ್ಟು ಸಲ ಕಲಿಸಿದ್ದೇನೋ! ಆ ಕಡ್ಡಿ ನಾನೇ ಅನ್ನಿಸಿ ಅಲ್ಲೇ ಕೂತು ಅತ್ತೆ. ಬಳ್ಳಿಯಲ್ಲಿ ಉಳಿದ ಕಡ್ಡಿಯನ್ನೂ ಸವರುತ್ತಾರೆ, ಹಣ್ಣು ಜಾಸ್ತಿ ಬಿಡಲಿ ಅಂತ. ಅದನ್ನು ನೋಡಿ ಸ್ವಲ್ಪ ಧೈರ್ಯ ಬಂತು.

ಅನುಭವ ಇರುವ ಹಿರಿಯರು ದಯವಿಟ್ಟು ಹೇಳಿ. ಅಡುಗೆ, ಕೆಲಸ, ಮಕ್ಕಳ ನಡುವೆ ದಿನವಿಡೀ ಕ್ರಿಸ್ತನಲ್ಲಿ ನೆಲೆಗೊಂಡಿರುವುದನ್ನು ಹೇಗೆ ರೂಢಿ ಮಾಡಿಕೊಂಡಿರಿ? "ಜಾಸ್ತಿ ಪ್ರಾರ್ಥಿಸಿ" ಅಂತಷ್ಟೇ ಬೇಡ. ನೀವು ಯಾವ ಹೊತ್ತಿನಲ್ಲಿ, ಯಾವ ಮಾತಿನಲ್ಲಿ ಬೇಡಿಕೊಳ್ಳುತ್ತೀರಿ ಅಂತ ಬರೆಯಿರಿ. ಹೊಗಳಿಕೆ ಬಂದಾಗ ಮನಸ್ಸನ್ನು ಹೇಗೆ ತಗ್ಗಿಸುತ್ತೀರಿ?

ಪೌಲನು ತನ್ನ ಶರೀರದಲ್ಲಿದ್ದ ಮುಳ್ಳು, ಅಂದರೆ ತನ್ನನ್ನು ಕಾಡುತ್ತಿದ್ದ ಬಾಧೆ, ತೆಗೆಯೆಂದು ಮೂರು ಸಲ ಬೇಡಿದರೂ ಕರ್ತನು ಕೃಪೆ ಸಾಕು ಅಂದ ಭಾಗವನ್ನು (2 ಕೊರಿಂಥ 12) ಈಗ ದಿನಾ ಓದುತ್ತಿದ್ದೇನೆ. ಇದರ ಜೊತೆ ಇನ್ನೇನು ಓದಲಿ? ವಾರಕ್ಕೊಮ್ಮೆ ಫೋನಿನಲ್ಲಿ ನನ್ನ ಜೊತೆ ಪ್ರಾರ್ಥಿಸುವ ಅಕ್ಕಂದಿರು ಯಾರಾದರೂ ಇದ್ದರೆ ಮೆಸೇಜ್ ಮಾಡಿ.