ಬೈಕು, ಟ್ರ್ಯಾಕ್ಟರಿಗೆ ಯಾವ ಟೂಲ್ಸ್ ಇಟ್ಕೋಬೇಕು: ದಾವಣಗೆರೆ ಮೆಕ್ಯಾನಿಕ್ ಉತ್ತರ

ಪ್ರಶ್ನೆ: ಅಣ್ಣಾ, ನಮ್ದು ಮಲೇಬೆನ್ನೂರು ಕಡೆ. ಮನೇಲಿ ಸ್ಪ್ಲೆಂಡರ್ ಐತೆ, ಟ್ರ್ಯಾಕ್ಟರ್ ಐತೆ. ಸಣ್ಣಪುಟ್ಟದ್ದಕ್ಕೆಲ್ಲಾ ಪೇಟೆಗೆ ಬರೋದಾಗಲ್ಲ ಅಂತ ಆನ್‌ಲೈನಲ್ಲಿ 108 ಪೀಸಿನ ಡಬ್ಬಿ ಸೆಟ್ ನೋಡಿದೀನಿ, ತಗೊಳ್ಲಾ?

ಉತ್ತರ: ಬೇಡ್ರಿ. ಅಂಥ ಡಬ್ಬೀಲಿ ಸ್ಕ್ರೂಡ್ರೈವರ್ ತುದಿಗೆ ಹಾಕೋ ಬಿಟ್‌ಗಳು, ಅಲೆನ್ ಕೀ ತುಂಡು ಎಲ್ಲಾ ಸೇರ್ಸಿ ಪೀಸ್ ಲೆಕ್ಕ ಏರ್ಸಿರ್ತಾರೆ, ನಿಮ್ಮ ಕೈಗೆ ದಿನಾ ಬರೋದು ಐದಾರು ಸೈಜು ಅಷ್ಟೆ. ಸ್ಪ್ಲೆಂಡರಿಗೆ 8, 10, 12, 14, 17ರ ಸ್ಪ್ಯಾನರ್ ಇದ್ರೆ ಹೆಚ್ಚುಕಮ್ಮಿ ಕೆಲಸ ನಡೀತೈತೆ, ಯಾಕಂದ್ರೆ ಅದು ಜಪಾನ್ ಲೆಕ್ಕದ ಗಾಡಿ, 8 ಎಂಎಂ ದಪ್ಪದ ಬೋಲ್ಟಿಗೆ 12ರ ತಲೆ ಬರ್ತೈತೆ. ಟ್ರ್ಯಾಕ್ಟರಲ್ಲಿ ಅದೇ 8 ಎಂಎಂ ಬೋಲ್ಟಿಗೆ ಸಾಮಾನ್ಯವಾಗಿ 13, 10 ಎಂಎಂ ಬೋಲ್ಟಿಗೆ 17. ಈ 13 ಇಲ್ಲದೇ ಜನ 14 ಹಾಕಿ ತಿರುಗ್ಸಿ ತಿರುಗ್ಸಿ ತಲೆ ರೌಂಡ್ ಮಾಡ್ಕೊಂಡು ಬರ್ತಾರೆ, ಅದನ್ನ ನೋಡಿದ್ರೆ ನಂಗೆ ಹೊಟ್ಟೆ ಉರೀತೈತೆ. ಹಂಗಾಗಿ ಬಿಡಿಬಿಡಿಯಾಗೇ ತಗೊಳ್ರಿ, ಕ್ರೋಮ್ ವೆನೇಡಿಯಂ (ಗಟ್ಟಿ ಉಕ್ಕು) ಅಂತ ಅಚ್ಚು ಇರೋದು, ಟಪಾರಿಯಾ ಕಂಪನಿ ತರದ್ದು ಸಾಕು. ಅಂಗಡೀಲೇ ಒಂದು ಹೊಸ ಬೋಲ್ಟ್ ಇಸ್ಕೊಂಡು ಹಾಕಿ ನೋಡ್ರಿ, ಲಡಲಡ ಅಂದ್ರೆ ವಾಪಸ್ ಇಟ್ಟು ಬನ್ರಿ.

ಪ್ರಶ್ನೆ: ರಿಂಗ್ ಸ್ಪ್ಯಾನರಾ, ಎರಡೂ ಕಡೆ ಬಾಯಿ ಇರೋ ಡಬಲ್ ಎಂಡಾ?

ಉತ್ತರ: ಒಂದೇ ತಗೊಳ್ಳೋದಾದ್ರೆ ಕಾಂಬಿನೇಷನ್, ಒಂದು ಕಡೆ ರಿಂಗು ಒಂದು ಕಡೆ ಬಾಯಿ. ರಿಂಗು ಬೋಲ್ಟಿನ ಆರೂ ಮೂಲೆ ಹಿಡಿತೈತೆ, ಬಾಯಿ ಸ್ಪ್ಯಾನರ್ ಎರಡು ಕಡೆ ಮಾತ್ರ ಕೂರೋದು, ಜೋರು ಬಿದ್ದಾಗ ಬಾಯಿ ಅಗಲ ಆಗ್ತೈತೆ. ಲೂಸ್ ಮಾಡೋದು, ಕೊನೇ ಟೈಟು ರಿಂಗಲ್ಲಿ, ನಡುವಿನ ತಿರುಗ್ಸೋದು ಬಾಯಲ್ಲಿ. ಸಾಕೆಟ್ ಆದ್ರೆ ಆರು ಮೂಲೇದೇ ಕೇಳಿ ತಗೊಳ್ರಿ, ತುಕ್ಕು ಹಿಡಿದ ನಟ್ಟಿಗೆ ಹನ್ನೆರಡು ಮೂಲೇದು ಜಾರ್ತೈತೆ.

ಪ್ರಶ್ನೆ: ಗದ್ದೆ ಕೆಸರಿಗೆ ಕೇಜ್ ವೀಲ್ (ಕೆಸರಲ್ಲಿ ಹಾಕೋ ಕಬ್ಬಿಣದ ಚಕ್ರ) ಬೋಲ್ಟ್ ಜಾಮ್ ಆಗಿದಾವೆ, ಸ್ಪ್ಯಾನರಿಗೆ ಪೈಪ್ ತೂರ್ಸಿ ಒತ್ತು ಅಂತಾರೆ ಪಕ್ಕದ ಹೊಲದೋರು.

ಉತ್ತರ: ದಯವಿಟ್ಟು ಬೇಡ. ಸಣ್ಣ ಸ್ಪ್ಯಾನರ್ ಗಿಡ್ಡ, ದೊಡ್ಡದು ಉದ್ದ ಇರೋದು ಸುಮ್ನೆ ಅಲ್ಲ, ಆ ಸೈಜ್ ಬೋಲ್ಟು ಎಷ್ಟು ತಡ್ಕೊಂತೈತೋ ಅಷ್ಟೇ ಜೋರು ಬೀಳ್ಲಿ ಅಂತ ಉದ್ದ ಕೊಟ್ಟಿರ್ತಾರೆ. ಪೈಪ್ ಹಾಕಿದ್ರೆ ಬೋಲ್ಟ್ ಕಡಿತೈತೆ ಇಲ್ಲಾ ಸ್ಪ್ಯಾನರ್ ಜಾರಿ ನಿಮ್ಮ ಬೆರಳು ಮಡ್‌ಗಾರ್ಡಿಗೆ ಹೋಗಿ ಬಡಿತೈತೆ. ಭದ್ರಾ ನಾಲೆ ನೀರಿನ ಕಡೆ ಟ್ರ್ಯಾಕ್ಟರ್ ಎಲ್ಲಾ ಇದೇ ಗೋಳು. ಮೊದ್ಲು ವೈರ್ ಬ್ರಷ್ ಹಾಕಿ ಥ್ರೆಡ್ ಮೇಲಿನ ಕೆಸರು ತೆಗೀರಿ, ತುಕ್ಕು ಬಿಡ್ಸೋ ಎಣ್ಣೆ ಬಿಟ್ಟು ರಾತ್ರಿಯೆಲ್ಲಾ ಬಿಡ್ರಿ, ಬೆಳಿಗ್ಗೆ ತಲೆ ಮೇಲೆ ಸುತ್ಗೇಲಿ ನೇರವಾಗಿ ನಾಲ್ಕೇಟು ಹಾಕಿ, ಒಂಚೂರು ಟೈಟ್ ಕಡೆ ತಿರುಗ್ಸಿ ಆಮೇಲೆ ಲೂಸ್ ಕಡೆ ಬನ್ರಿ, ತುಕ್ಕು ಮುರೀತೈತೆ. ಯಾವಾಗ್ಲೂ ನಿಮ್ಮ ಕಡೆ ಎಳೀರಿ. ತಳ್ಳಲೇಬೇಕು ಅಂದ್ರೆ ಮುಷ್ಟಿ ಬೇಡ, ಅಂಗೈ ಬಿಚ್ಚಿ ಒತ್ರಿ. ಬಾಯಿ ಹಿಗ್ಗಿಸಿ ಕುಗ್ಗಿಸೋ ಸ್ಕ್ರೂ ಸ್ಪ್ಯಾನರ್ ಹಿಡಿಯೋರು ಜೋರೆಲ್ಲಾ ಅಲ್ಲಾಡದ ದವಡೆ ಮೇಲೆ ಬೀಳೋ ಹಂಗೆ ಹಾಕ್ಬೇಕು, ಉಲ್ಟಾ ಹಾಕಿದ್ರೆ ಓಡಾಡೋ ದವಡೆ ಸಡಿಲ ಆಗಿ ಜಾರ್ತೈತೆ.

ಪ್ರಶ್ನೆ: ನಾನು ಚಿತ್ರದುರ್ಗ. ಹಳೇ ಬೈಕಿನ ಸ್ಟಾರ್ ಸ್ಕ್ರೂ ಎಲ್ಲಾ ತಲೆ ಹೋಗ್ತಾವೆ, ಸ್ಕ್ರೂಡ್ರೈವರ್ ಹೊಸದೇ ಐತೆ.

ಉತ್ತರ: ಸ್ಕ್ರೂ ತಲೆ ಮೇಲೆ ಸಣ್ಣ ಚುಕ್ಕಿ ಐತಾ ನೋಡ್ರಿ. ಇದ್ರೆ ಅದು ಜಪಾನ್ ಸ್ಟಾರು, ನಿಮ್ಮ ಹತ್ರ ಇರೋದು ಫಿಲಿಪ್ಸು, ನೋಡೋಕೆ ಒಂದೇ ತರ ಇದ್ರೂ ಪೂರ್ತಿ ಕೂರಲ್ಲ, ತಿರುಗ್ಸಿದ್ರೆ ಮೇಲಕ್ಕೆ ಎದ್ದು ಬರ್ತೈತೆ. ಜೆಐಎಸ್, ಅಂದ್ರೆ ಜಪಾನ್ ಅಳತೆದು ಅಂತ ಕೇಳಿ ತಗೊಳ್ರಿ. ಬಿಗಿಯಾಗಿ ಕೂತಿದ್ರೆ ಸುತ್ಗೇಲಿ ಹೊಡೆಯೋ ಇಂಪ್ಯಾಕ್ಟ್ ಡ್ರೈವರ್ ಬರ್ತೈತೆ, ಹೊಡೆತಕ್ಕೆ ಒತ್ತುತೈತೆ, ಒಟ್ಟಿಗೇ ತಿರುಗ್ತೈತೆ. ತಲೆ ಪೂರ್ತಿ ಹೋಗೋ ಮೊದ್ಲೇ ಅದನ್ನ ಹಿಡೀರಿ.

ಪ್ರಶ್ನೆ: ಬೋಲ್ಟ್ ಎಷ್ಟು ಟೈಟ್ ಆಯ್ತು ಅಂತ ಅಳೆಯೋ ಟಾರ್ಕ್ ರೆಂಚ್ ಬೇಕಾ ಅಣ್ಣಾ?

ಉತ್ತರ: ಇಂಜಿನ್ ಹೆಡ್ ಬಿಚ್ಚೋರಿಗೆ ಬೇಕೇಬೇಕು. ಮನೆ ಕೆಲಸಕ್ಕೆ ಕೈ ಸಾಕು, ಆದ್ರೆ ಸ್ಪಾರ್ಕ್ ಪ್ಲಗ್ ಹುಷಾರು, ಹೆಡ್ ಅಲ್ಯೂಮಿನಿಯಂ, ಥ್ರೆಡ್ ಹೋದ್ರೆ ಖರ್ಚು ಜಾಸ್ತಿ. ಇಂಜಿನ್ ತಣ್ಣಗಿದ್ದಾಗ ಬೆರಳಲ್ಲೇ ಕೊನೇವರ್ಗೂ ತಿರುಗ್ಸಿ, ವಾಷರ್ ಕೂತ ಮೇಲೆ ಹೊಸ ಪ್ಲಗ್ಗಿಗೆ ಸುಮಾರು ಅರ್ಧ ಸುತ್ತು, ಹಳೇದೇ ವಾಪಸ್ ಹಾಕೋದಾದ್ರೆ ಒಂಚೂರು ಮಾತ್ರ. ಟಾರ್ಕ್ ರೆಂಚ್ ತಗೊಂಡ್ರೆ ಅದ್ರಲ್ಲಿ ಬೋಲ್ಟ್ ಲೂಸ್ ಮಾಡ್ಬೇಡ್ರಿ, ಕ್ಲಿಕ್ ಅನ್ನೋ ಟೈಪಾದ್ರೆ ಕೆಲಸ ಮುಗಿದ ಮೇಲೆ ಎಲ್ಲಕ್ಕಿಂತ ಕೆಳಗಿನ ನಂಬರಿಗೆ ಇಳ್ಸಿ ಇಡ್ರಿ, ಇಲ್ಲಾಂದ್ರೆ ಒಳಗಿನ ಸ್ಪ್ರಿಂಗ್ ಸೋತು ತಪ್ಪು ಲೆಕ್ಕ ಕೊಡ್ತೈತೆ.