ತಲೆಯ ಹಿಂಭಾಗದ ಹೇರ್ ರೋಲರ್‌ಗಳು ಜಾರುತ್ತವೆ, ಪಿನ್ ಎಲ್ಲಿ ಹಾಕಬೇಕು?

ಪ್ರಶ್ನೆ: ಕೂದಲು ಗುಂಗುರಾಗಲಿ ಅಂತ ಮನೆಯಲ್ಲೇ ರೋಲರ್ ಸುತ್ತಿಕೊಳ್ಳುತ್ತೇನೆ. ಮುಂದಿನವು ನಿಲ್ಲುತ್ತವೆ, ಕತ್ತಿನ ಹತ್ತಿರದವು ಮಾತ್ರ ಸ್ವಲ್ಪ ಹೊತ್ತಿಗೇ ಜೋತು ಬೀಳುತ್ತವೆ. ಏನು ಮಾಡಲಿ?

ಉತ್ತರ: ಒಂದು ಸಲಕ್ಕೆ ಜಾಸ್ತಿ ಕೂದಲು ತೆಗೆದುಕೊಳ್ಳುತ್ತಿದ್ದೀರಿ ಅನಿಸುತ್ತದೆ. ರೋಲರ್‌ಗಿಂತ ಅಗಲ ಬೇಡ. ಬಿಗಿಯಾಗಿ ಎಳೆದು ಹಿಡಿದು, ತುದಿ ಮಡಚದಂತೆ ಬುಡದವರೆಗೂ ಸುತ್ತಿ, ಪಿನ್ನಿನ ಒಂದು ಕಾಲು ರೋಲರ್ ಒಳಗೆ, ಇನ್ನೊಂದು ಬುಡದ ಕೂದಲಿನ ಅಡಿಯಲ್ಲಿ ಹೋಗುವಂತೆ ಹಾಕಿ. ಸುಮ್ನೆ ಮೇಲಿನ ಸುತ್ತಿಗೆ ಸಿಕ್ಕಿಸಿದರೆ ನಿಲ್ಲುವುದಿಲ್ಲ.

ಇನ್ನೊಬ್ಬರು: ಕತ್ತಿನ ಹತ್ತಿರ ಕೂದಲು ಗಿಡ್ಡ ಅಲ್ವಾ, ಅಲ್ಲಿಗೆ ಸಣ್ಣ ರೋಲರ್ ಬೇಕು. ವೆಲ್ಕ್ರೋ (ಸಣ್ಣ ಕೊಕ್ಕೆಗಳಿಂದ ಕೂದಲನ್ನು ಹಿಡಿಯುವ) ರೋಲರ್ ಆದರೆ ಒದ್ದೆ ಕೂದಲಿಗೆ ಬೇಡವೇ ಬೇಡ, ಬಿಚ್ಚುವಾಗ ಸಿಕ್ಕಾಗುತ್ತದೆ.

ಪ್ರಶ್ನೆ ಕೇಳಿದವರು: ಹಾಗೇ ಮಲಗಬಹುದಾ?

ಉತ್ತರ: ಮೆತ್ತನೆಯ ಫೋಮ್ (ಸ್ಪಂಜಿನ) ರೋಲರ್ ಆದರೆ ಮಲಗಬಹುದು, ಮೇಲೆ ಹೇರ್‌ನೆಟ್ ಹಾಕಿ. ಪೂರ್ತಿ ಒಣಗುವ ಮೊದಲು ಬಿಚ್ಚಬೇಡಿ.